ಅಜ್ಜಿ ಉಪ್ಪು ಬಿಟ್ಟ ವರ್ಷ

ವೆಸ್ಟ್ ಕೊವಿನಾದ ನಮ್ಮ ಮನೆಗೆ ಮುಂಬಾಗಿಲು ಇತ್ತು, ಅದಕ್ಕೆ ಪ್ಲಾಸ್ಟಿಕ್ ಮಾವಿನೆಲೆಯ ತೋರಣವಿತ್ತು, ಹೊಸ್ತಿಲಿಗೆ ಅಮ್ಮ ವಾರಕ್ಕೊಮ್ಮೆ ಅರಿಶಿನ ಕುಂಕುಮ ಹಚ್ಚುತ್ತಿದ್ದಳು. ಆದರೆ ದುಡಿದು ತರುವ ಅಪ್ಪ ಕೆಲಸದ ದಿನ ಆ ಬಾಗಿಲಿನಿಂದ ಒಳಗೆ ಬಂದದ್ದನ್ನು ನಾನು ಕಾಣೆ. ಅವರು ಬರುತ್ತಿದ್ದುದು ಗ್ಯಾರೇಜಿನ ಕಡೆಯಿಂದ. ಕಾರನ್ನು ಹೊರಗೇ ಬಿಟ್ಟು, ವಾಷಿಂಗ್ ಮಷೀನಿನ ಪಕ್ಕ ಬಟ್ಟೆ ಕಳಚಿ ಹಾಕಿ, ಲುಂಗಿ ಸುತ್ತಿಕೊಂಡು, ಗ್ಯಾರೇಜಿಗೆ ಅಂಟಿಕೊಂಡ ಬಚ್ಚಲಲ್ಲಿ ತಲೆಗೆ ನೀರು ಹಾಕಿಕೊಂಡು, ಹಣೆಗೆ ವಿಭೂತಿ ಇಟ್ಟುಕೊಂಡ ಮೇಲೆಯೇ ಅವರು ನಮ್ಮ ಅಪ್ಪ. ಅದಕ್ಕೂ ಮುಂಚೆ ಅವರನ್ನು ಮುಟ್ಟುವ ಹಾಗಿರಲಿಲ್ಲ. ಅವರ ಊಟದ ಡಬ್ಬಿಗೂ ಅಡುಗೆಮನೆಗೆ ಪ್ರವೇಶವಿರಲಿಲ್ಲ. ಗ್ಯಾರೇಜಿನ ಸಿಂಕಿನಲ್ಲೇ ತೊಳೆದು ಅಲ್ಲೇ ಕವುಚಿ ಹಾಕಬೇಕು. ಬೆಳಿಗ್ಗೆ ಅಮ್ಮ ಒಳಗಿನಿಂದ ಪಾತ್ರೆ ತಂದು, ಪಾತ್ರೆಗೆ ಡಬ್ಬಿ ತಾಗದ ಹಾಗೆ, ಚಿತ್ರಾನ್ನವನ್ನು ಮೇಲಿನಿಂದ ಸುರಿಯುತ್ತಿದ್ದಳು. ಒಂದೆರಡು ಅಗುಳು ಕೆಳಗೆ ಬಿದ್ದರೆ ಅದನ್ನು ಒರೆಸುವ ಕೆಲಸ ನನ್ನದು.

ನನ್ನನ್ನು ಬಲ್ಲವರು ನನಗೆ ಅನುಮಾನದ ಪಿಶಾಚಿ ಎಂದು ಹೆಸರಿಟ್ಟಿದ್ದಾರೆ. ಇಟ್ಟುಕೊಳ್ಳಲಿ. ಇಪ್ಪತ್ತು ತುಂಬುವ ಮೊದಲೇ ಬಾಲ್ಯದ ಕಥೆ ಬರೆಯಲು ಕೂತಿದ್ದಾಳೆ ಎಂದು ನಗುವವರೂ ನಗಲಿ. ಆ ಮನೆಯಲ್ಲಿ ಬೆಳೆದು ಯಾರ ಮಾತನ್ನಾದರೂ ಸಲೀಸಾಗಿ ನಂಬುವ ಹುಡುಗಿಯಾಗಿದ್ದರೆ ಅದೇ ಆಶ್ಚರ್ಯ. ನಾನು ತುಮಕೂರಿನಲ್ಲಿ ಐದನೇ ಕ್ಲಾಸಿನವರೆಗೆ ಓದಿ ಇಲ್ಲಿಗೆ ಬಂದವಳು. ಅಲ್ಲಿ ಅಪ್ಪ ದನದ ಡಾಕ್ಟರು. ಸಂಜೆ ಸಗಣಿಯ, ಔಷಧಿಯ ವಾಸನೆ ಹೊತ್ತು ಬರುತ್ತಿದ್ದರು, ಸ್ಕೂಟರಿನಿಂದ ಇಳಿಯುವ ಮೊದಲೇ ನಾನು ಕುತ್ತಿಗೆಗೆ ಜೋತುಬೀಳುತ್ತಿದ್ದೆ, ಯಾರೂ ಬೇಡ ಅನ್ನುತ್ತಿರಲಿಲ್ಲ. ಇಲ್ಲಿ ಅದೇ ಅಪ್ಪನಿಗೆ ಗ್ಯಾರೇಜು ಯಾಕೆ? ಕನ್ನಡದವರ ಯುಗಾದಿ ಊಟದಲ್ಲಿ ಯಾವುದಾದರೂ ಆಂಟಿ "ನಿಮ್ಮೆಜಮಾನ್ರು ಎಲ್ಲಿ ವರ್ಕ್ ಮಾಡ್ತಾರೆ?" ಎಂದು ಕೇಳಿದರೆ ಅಮ್ಮ "ಫುಡ್ ಸೇಫ್ಟಿ, ಗೌರ್ನಮೆಂಟ್ ಜಾಬು" ಎಂದು ಒಂದೇ ಉಸಿರಿಗೆ ಹೇಳಿ, "ಕೋಸಂಬರಿ ಹಾಕ್ಕೊಂಡ್ರಾ?" ಎಂದು ಮಾತು ತಿರುಗಿಸುತ್ತಿದ್ದಳು. ಫುಡ್ ಸೇಫ್ಟಿಯವರಿಗೆ ಮೊಣಕಾಲವರೆಗಿನ ಬಿಳಿ ರಬ್ಬರ್ ಬೂಟು ಯಾಕೆ? ಉಗುರಿನ ಸಂದಿಯಲ್ಲಿ ನೇರಳೆ ಮಸಿ ಯಾಕೆ? ಸೋಪಿನ ಘಮದ ಅಡಿಯಲ್ಲಿ ಇನ್ನೊಂದು ವಾಸನೆ, ಬಿಸಿನೀರು, ಕೂದಲು, ಕೊಬ್ಬು ಎಲ್ಲ ಸೇರಿದಂಥದ್ದು, ಎಲ್ಲಿಂದ ಬರುತ್ತಿತ್ತು? ಒಂದು ದಿನ ಚಪಾತಿ ತಿನ್ನುತ್ತಿದ್ದವಳು ಕೇಳಿಯೇಬಿಟ್ಟೆ.

"ಅಪ್ಪಾ, ನೀವು ನಿಜವಾಗ್ಲೂ ಎಲ್ಲಿಗೆ ಹೋಗ್ತೀರ?"

ಅಪ್ಪ ಅಮ್ಮನ ಮುಖ ನೋಡಿದರು. ಅಮ್ಮ ಒಲೆಯ ಕಡೆ ತಿರುಗಿಕೊಂಡಳು.

"ಹಂದಿ ಫ್ಯಾಕ್ಟರಿಗೆ ಪುಟ್ಟಿ."

"ಸಾಯ್ಸೋ ಕಡೆಗಾ?"

"ಹೂಂ. ನಾನು ಸಾಯ್ಸಲ್ಲ. ಕಾಯಿಲೆ ಇದ್ಯಾ ಇಲ್ವಾ ಅಂತ ನೋಡ್ತೀನಿ, ಅಷ್ಟೆ. ಡಾಕ್ಟ್ರು ನೋಡ್ದೆ ಇಲ್ಲಿ ಒಂದು ಹಂದೀನೂ ಒಳಗೆ ಹೋಗೋ ಹಾಗಿಲ್ಲ. ಸರ್ಕಾರದ ರೂಲು."

"ಸಿಂಚು, ಇದು ನಿನ್ನ ಹೊಟ್ಟೇಲೇ ಇರ್ಬೇಕು," ಎಂದಳು ಅಮ್ಮ, ತಿರುಗದೆಯೇ. "ಗಿರಿಜತ್ತೆಗೆ ಗೊತ್ತಾಗ್ಬಾರ್ದು. ಅಜ್ಜಿಗಂತೂ ಸತ್ರೂ ಗೊತ್ತಾಗ್ಬಾರ್ದು."

ಗಿರಿಜತ್ತೆ ಅಪ್ಪನ ತಂಗಿ. ಸ್ಯಾನ್ ಡಿಯೇಗೊದ ಮೀರಾ ಮೆಸಾದಲ್ಲಿ ಅವಳ ಮನೆ, ಗಂಡ ಟೆಲಿಕಾಂ ಕಂಪನಿಯಲ್ಲಿ ಇಂಜಿನಿಯರು. ನಮ್ಮನ್ನು ಈ ದೇಶಕ್ಕೆ ಕರೆಸಿಕೊಂಡವಳು ತಾನು ಎಂಬುದನ್ನು ಅವಳು ಎಂದೂ ಮರೆಯುತ್ತಿರಲಿಲ್ಲ, ನಮ್ಮನ್ನೂ ಮರೆಯಲು ಬಿಡುತ್ತಿರಲಿಲ್ಲ. ಇನ್ನು ಅಜ್ಜಿ, ಅಪ್ಪನ ತಾಯಿ. ಕೊರಳಲ್ಲಿ ಲಿಂಗ ಕಟ್ಟಿಕೊಂಡವಳು, ಪೂಜೆಯಾಗದೆ ಬಾಯಿಗೆ ನೀರೂ ಹಾಕದವಳು. ಅವಳ ಸ್ವಂತ ತಮ್ಮನ ಮಗ ಕೆರೆಯ ಮೀನಿನ ಗುತ್ತಿಗೆ ಹಿಡಿದ ಎಂದು ತವರಿನಲ್ಲಿ ಊಟ ಬಿಟ್ಟಳು. ಮದುವೆಗೆ ಹೋಗುತ್ತಿದ್ದಳು, ಅಕ್ಷತೆ ಹಾಕುತ್ತಿದ್ದಳು, ಬಾಯಿಗೆ ಒಂದು ಹನಿ ಮಜ್ಜಿಗೆ ಬಿಟ್ಟುಕೊಳ್ಳದೆ ಬಸ್ಸು ಹತ್ತಿ ಬರುತ್ತಿದ್ದಳು. ಮೀನಿಗೇ ಹೀಗಾದರೆ ಹಂದಿಗೆ ಹೇಗೆ? ಮಗನ ಮನೆಯ ಅನ್ನವನ್ನು ಅಜ್ಜಿ ಎಲ್ಲಿ ತಳ್ಳಿಬಿಡುತ್ತಾಳೋ ಎಂಬುದು ಅಪ್ಪನಿಗೆ ಇದ್ದ ಒಂದೇ ಭಯ. ಬೇರೆ ಯಾರು ಏನಂದರೂ ಅವರು ಕೇರ್ ಮಾಡುತ್ತಿರಲಿಲ್ಲ.

ಅಂಥ ಅಜ್ಜಿ, ಎಲ್ಲರೂ ಮನೆಯಲ್ಲಿ ಕೂತ ಆ 2020ರಲ್ಲಿ, ಶಿವರಾತ್ರಿ ಮುಗಿಸಿಕೊಂಡು ನಮ್ಮ ಮನೆಗೆ ಬಂದಳು. ಸ್ವಲ್ಪ ದಿನ ಇಲ್ಲಿ, ಆಮೇಲೆ ಮೀರಾ ಮೆಸಾದಲ್ಲಿ, ಬೇಸಿಗೆಗೆ ವಾಪಸ್ ಎಂದು ಲೆಕ್ಕ. ಬಂದು ಕಾಲು ಊರುವಷ್ಟರಲ್ಲಿ ಊರೆಲ್ಲ ಬಾಗಿಲು ಹಾಕಿತು. ಆಮೇಲೆ ವಿಮಾನ ಹಾರತೊಡಗಿದರೂ ಅವಳನ್ನು ಆ ವಯಸ್ಸಿನಲ್ಲಿ ಕಳಿಸಲು ಯಾರಿಗೂ ಧೈರ್ಯ ಬರಲಿಲ್ಲ, ವೀಸಾ ಎಕ್ಸ್‌ಟೆಂಡ್ ಮಾಡಿಸಿದರು. ನನ್ನ ರೂಮಿನ ಪೂರ್ವದ ಮೂಲೆ ಅವಳ ಪೂಜೆಗೆ ಹೋಯಿತು. ಬೆಳಿಗ್ಗೆ ನಾನು ಲ್ಯಾಪ್‌ಟಾಪ್ ತೆರೆಯುವ ಹೊತ್ತಿಗೆ ಅವಳು ಅಂಗೈಯಲ್ಲಿ ಲಿಂಗ ಇಟ್ಟುಕೊಂಡು ಕಣ್ಣು ಮುಚ್ಚಿರುತ್ತಿದ್ದಳು. ಜೂಮ್‌ನಲ್ಲಿ ನನ್ನ ಹಿಂದೆ ಕಾಣುವ ಆ ಬಿಳಿಯ ಸೆರಗು ಯಾರದೆಂದು ಕ್ಲಾಸಿನವರು ಕೇಳುತ್ತಿದ್ದರು.

ಒಂದು ವಿಷಯಕ್ಕೆ ಆ ಹಾಳು ರೋಗಕ್ಕೆ ನಾವು ಋಣಿಗಳು. ಅಜ್ಜಿ ಬರುತ್ತಾಳೆಂದಾಗ ಅಮ್ಮನಿಗೆ ನಿದ್ದೆ ಹಾರಿಹೋಗಿತ್ತು, ಈ ಗ್ಯಾರೇಜಿನ ಸ್ನಾನಕ್ಕೆ ಏನಂತ ಹೇಳುವುದು ಎಂದು. ಈಗ ನೋಡಿದರೆ ಬೀದಿಯ ಎಲ್ಲ ಮನೆಯವರೂ ಹೊರಗೇ ಚಪ್ಪಲಿ ಬಿಡುತ್ತಿದ್ದಾರೆ, ಹಾಲಿನ ಡಬ್ಬ ತೊಳೆಯುತ್ತಿದ್ದಾರೆ, ಸ್ನಾನ ಮಾಡದೆ ಒಳಗೆ ಬರುತ್ತಿಲ್ಲ. ನಮ್ಮ ಸುಳ್ಳಿಗೆ ಇಡೀ ದೇಶವೇ ಸಾಕ್ಷಿ ನಿಂತ ಹಾಗಾಯಿತು. ಅಜ್ಜಿಗಂತೂ ಮಗನ ಶಿಸ್ತು ನೋಡಿ ಹೆಮ್ಮೆ. ಆದರೆ ಅವಳನ್ನು ದಡ್ಡಿ ಅಂದುಕೊಂಡವರು ಅವಳನ್ನು ಬಲ್ಲವರಲ್ಲ. ನನ್ನ ಅನುಮಾನ ನನಗೆ ಬಂದದ್ದು ಅವಳ ಕಡೆಯಿಂದಲೇ.

"ಗಿರಿಜನ ಗಂಡ ಮನೇಲಿ ಚಡ್ಡಿ ಹಾಕ್ಕಂಡು ಕೂತು ಸಂಬಳ ತಗಂತಾನೆ. ನನ್ ಮಗ ಯಾಕೆ ಕೋಳಿ ಕೂಗೋ ಮುಂಚೆ ಎದ್ದು ಹೋಗ್ಬೇಕು?" ಎಂದು ಅಮ್ಮನನ್ನು ಹಿಡಿದಳು.

"ಗೌರ್ನಮೆಂಟ್ ಕೆಲ್ಸ ಅತ್ತೆಮ್ಮ. ಊಟದ ಸಾಮಾನು ಚೆಕ್ ಮಾಡೋದು. ಅದು ನಿಲ್ಸೋ ಹಾಗಿಲ್ವಲ್ಲ."

"ಯಾವ ಸಾಮಾನು?"

"ಎಲ್ಲ. ಹಾಲು, ತುಪ್ಪ, ಎಲ್ಲ."

"ಹಾಲು ನೋಡಕ್ಕೆ ಅಷ್ಟು ಉದ್ದ ಬೂಟಾ?" ಎಂದಳು ಅಜ್ಜಿ. ಅಮ್ಮ ಕುಕ್ಕರಿನ ವಿಷಲ್ ಎಣಿಸುವವಳ ಹಾಗೆ ಬೆರಳು ಮಡಿಸುತ್ತ ನಿಂತುಬಿಟ್ಟಳು.

ಆಗಸ್ಟಿನಲ್ಲಿ ಶಾಲೆ ಮತ್ತೆ ಪರದೆಯ ಮೇಲೇ ಶುರುವಾಯಿತು. ನಾನು ಒಂಬತ್ತನೇ ಕ್ಲಾಸು. ಲಾಸ್ ಏಂಜಲೀಸಿನ ಒಂದು ಉದ್ಯಮದ ಇತಿಹಾಸ ಹೇಳಿ, ಮನೆಯವರನ್ನೋ ಪಕ್ಕದವರನ್ನೋ ಮಾತಾಡಿಸಿದರೆ ಇನ್ನೂ ಒಳ್ಳೆಯದು ಎಂದರು ಹಿಸ್ಟರಿ ಟೀಚರು. ಕ್ಲಾಸಿನ ಅರ್ಧ ಮಕ್ಕಳು ಕಲ್ವರ್ ಸಿಟಿಯ ಸಿನಿಮಾ ಸ್ಟುಡಿಯೋಗಳಿಗೆ ಗಂಟುಬಿದ್ದರು. ನಾನು ಹಂದಿಮಾಂಸದ ಪ್ಯಾಕಿಂಗ್ ಹಿಡಿದುಕೊಂಡೆ. ಇತಿಹಾಸದ ಮೇಲೆ ನನಗೇನೂ ಪ್ರೀತಿ ಉಕ್ಕಿರಲಿಲ್ಲ. "ನೋಡ್ತೀನಿ, ಅಷ್ಟೆ" ಎಂದ ಅಪ್ಪನ ಮಾತು ನನಗಿನ್ನೂ ಅರಗಿರಲಿಲ್ಲ, ಪಾಠದ ನೆಪದಲ್ಲಿ ಬಾಯಿ ಬಿಡಿಸಬೇಕಿತ್ತು. ಅಮ್ಮ ಹಣೆ ಹಣೆ ಚಚ್ಚಿಕೊಂಡಳು. ಮನೆಯೊಳಗೆ ಒಂದು ಮಾತೂ ಕೂಡದು, ಏನಿದ್ದರೂ ಗ್ಯಾರೇಜಿನಲ್ಲಿ ಎಂಬ ಕರಾರಿನ ಮೇಲೆ ಕಡೆಗೆ ಒಪ್ಪಿದಳು.

ಹಾಗೆ ಸಂಜೆ ಹೊತ್ತು, ಸ್ನಾನ ಮುಗಿಸಿದ ಅಪ್ಪ ಪ್ಲಾಸ್ಟಿಕ್ ಕುರ್ಚಿಯ ಮೇಲೆ, ನಾನು ಏಣಿಯ ಕೆಳಗಿನ ಮೆಟ್ಟಿಲ ಮೇಲೆ. ಪಕ್ಕದಲ್ಲಿ ವಾಷಿಂಗ್ ಮಷೀನು ಗುರ್ರೆನ್ನುತ್ತಿತ್ತು, ಅದಿರುವಾಗ ಒಳಗೆ ಮಾತು ಕೇಳುವುದಿಲ್ಲ ಎಂದು ಇಬ್ಬರಿಗೂ ಧೈರ್ಯ. ಪ್ಯಾಕಿಂಗ್ ಎಂದರೆ ಮೊದಲು ಡಬ್ಬಕ್ಕೆ ತುಂಬುವುದಲ್ಲವಂತೆ. ಐಸಿಲ್ಲದ ಕಾಲದಲ್ಲಿ ಮರದ ಪೀಪಾಯಿಯಲ್ಲಿ ಒಂದು ಪದರ ಉಪ್ಪು, ಒಂದು ಪದರ ಮಾಂಸ ಎಂದು ಒತ್ತಿ ಒತ್ತಿ ತುಂಬುತ್ತಿದ್ದರಂತೆ. ಹಾಗಾಗಿ ಅದು ಚಳಿಗಾಲದ ಕೆಲಸ, ಚಳಿಯ ಊರುಗಳ ಕೆಲಸ. ಚಳಿಯೇ ಇಲ್ಲದ ಲಾಸ್ ಏಂಜಲೀಸಿಗೆ ಅದು ದೊಡ್ಡದಾಗಿ ಬಂದದ್ದು ರೈಲು ಬಂದು, ಐಸಿನ ಯಂತ್ರ ಬಂದ ಮೇಲೆ. ಆ ವಾಸನೆ ಪಟ್ಟಣದವರಿಗೆ ಬೇಡ, ಮಾಂಸ ಬೇಕು. ಅದಕ್ಕೆ ನದಿಯ ಪಕ್ಕ, ರೈಲು ಹಳಿಗಳು ಕೂಡುವ ಕಡೆ, ವರ್ನನ್ ಎಂಬ ಪುಟ್ಟ ಊರು ಕಾರ್ಖಾನೆಗಳಿಗಾಗಿಯೇ ಎದ್ದಿತು. ಇವತ್ತಿಗೂ ಅಲ್ಲಿ ದುಡಿಯಲು ಬರುವವರು ಬೇಕಾದಷ್ಟು, ಮನೆ ಮಾಡಿಕೊಂಡಿರುವವರು ತೀರ ಕಡಿಮೆ. ನಮ್ಮ ಮನೆಗೆ ಗ್ಯಾರೇಜು ಹೇಗೋ ಆ ಪಟ್ಟಣಕ್ಕೆ ವರ್ನನ್ ಹಾಗೆ ಎಂದು ನಾನು ಹೇಳಿದಾಗ ಅಪ್ಪ ನಕ್ಕರು.

"ಒಂದು ಕಾಲಕ್ಕೆ ಬೀದಿಗೊಂದು ಪ್ಯಾಕಿಂಗ್ ಹೌಸ್ ಇತ್ತಂತೆ. ರೈಲಲ್ಲಿ ಹಂದಿ, ದನ, ಕುರಿ ಬಂದು ಇಳೀತಿದ್ವಂತೆ. ಕೆಲಸಕ್ಕೆ ಮೊದ್ಲು ಜರ್ಮನಿ, ಐರ್ಲೆಂಡ್ ಕಡೆಯವ್ರು, ಆಮೇಲೆ ಮೆಕ್ಸಿಕೋದವ್ರು. ಊಟದ ಹೊತ್ತಿಗೆ ಬೀದಿ ತುಂಬ ಬಿಳಿ ಕೋಟೇ ಕಾಣ್ತಿತ್ತು ಅಂತಾರೆ ಹಳಬರು."

"ಆಮೇಲೆ?"

"ಆಮೇಲೇನು, ಫ್ರೀಜರ್ ಲಾರಿ ಬಂತು. ಹಂದಿ ಸಾಕೋ ಕಡೇನೇ ಕೊಯ್ದು ಮಾಂಸ ಕಳಿಸಿದ್ರೆ ಆಯ್ತಲ್ಲ, ಜೀವಂತ ಯಾಕೆ ಹೊತ್ಕೊಂಡು ಬರ್ಬೇಕು? ಒಂದೊಂದೇ ಮುಚ್ಚಿದ್ವು. ಈಗ ಉಳಿದಿರೋದು ನಮ್ದೊಂದು. ಅದೂ ಎಷ್ಟು ದಿನಾನೋ."

ಅವರು 'ನಮ್ದು' ಅಂದದ್ದನ್ನು ನಾನು ಅವತ್ತೇ ಮೊದಲು ಕೇಳಿದ್ದು. ಅಲ್ಲಿಯವರೆಗೆ ಅದು 'ಆ ಜಾಗ', 'ಡ್ಯೂಟಿ', 'ಅಲ್ಲಿ'. ನಾನು ಮುಖ ಎತ್ತಿ ನೋಡಿದ್ದೇ ಅವರು ಮಾತು ಬದಲಿಸಿ ತಮ್ಮ ಕೆಲಸದ ಬಗೆ ಹೇಳತೊಡಗಿದರು. ಮರುಭೂಮಿ ದಾಟಿ ಲಾರಿಯಲ್ಲಿ ಬಂದ ಹಂದಿಗಳನ್ನು ಇಳಿಸಿ, ಮೈಮೇಲೆ ನೀರು ಬಿಟ್ಟು, ಸುಧಾರಿಸಿಕೊಳ್ಳಲು ಬಿಡುತ್ತಾರೆ. ಆಗ ಅಪ್ಪ ಹೋಗಬೇಕು. ಮೊದಲು ಅವು ನಿಂತಿರುವಾಗ ನೋಡಬೇಕು, ಆಮೇಲೆ ನಡೆಸಿ ನೋಡಬೇಕು. ನಿಂತಾಗ ಚೆನ್ನಾಗಿ ಕಂಡದ್ದು ನಡೆಯುವಾಗ ಕುಂಟಬಹುದು, ನಡೆಯುವಾಗ ಸರಿಯಿದ್ದದ್ದು ನಿಂತಾಗ ಏದುಸಿರು ಬಿಡಬಹುದು. ಯಾವುದರ ಮೇಲೆ ಸಂಶಯ ಬರುತ್ತದೋ ಅದರ ಕಿವಿಗೆ ಒಂದು ಬಿಲ್ಲೆ. ಬಿಲ್ಲೆಯ ಮೇಲೆ ಬರೆದಿರುವುದೇ 'ಸಸ್ಪೆಕ್ಟ್' ಎಂದು. ಅಂಥವನ್ನು ಬೇರೆ ಇಟ್ಟು, ಕೊನೆಯಲ್ಲಿ ಕೊಯ್ದ ಮೇಲೆ ಅಪ್ಪನೇ ಒಳಗೆಲ್ಲ ಬಿಚ್ಚಿ ನೋಡಿ ತೀರ್ಮಾನ ಹೇಳಬೇಕು, ಪಾಸಾದದ್ದಕ್ಕೆ ನೇರಳೆ ಮಸಿಯ ಮುದ್ರೆ ಒತ್ತಿಸಬೇಕು. ಹೀಗೆ ನೋಡುವುದು ಅವರಿಗೆ ಎಷ್ಟು ಅಭ್ಯಾಸವಾಗಿತ್ತೆಂದರೆ ಮನೆಯಲ್ಲೂ ನಾವು ಅಡುಗೆಮನೆಯಿಂದ ಹಾಲಿಗೆ ನಡೆದು ಬಂದರೆ ಕಾಲಿನಿಂದ ತಲೆಯವರೆಗೆ ಒಂದು ಸಲ ಕಣ್ಣು ಹಾಯಿಸಿಬಿಡುತ್ತಿದ್ದರು. ಆ ಕಣ್ಣು ನನಗೂ ಅಂಟಿಕೊಂಡಿದೆ. ಯಾರನ್ನೇ ಹೊಸದಾಗಿ ನೋಡಿದರೂ, ಈ ಮನುಷ್ಯ ಸುಮ್ಮನೆ ಕೂತಾಗ ಹೇಗೆ, ಎದ್ದು ಹೋಗುವಾಗ ಹೇಗೆ ಎಂದು ನೋಡದೆ ನನಗೆ ಸಮಾಧಾನವಿಲ್ಲ.

ಪ್ರಾಜೆಕ್ಟ್ ಮುಗಿಯಿತು, ಒಳ್ಳೆಯ ಗ್ರೇಡೂ ಬಂತು. ಅದಾಗಿ ಸ್ವಲ್ಪ ದಿನಕ್ಕೆ, ಒಂದು ಮಧ್ಯಾಹ್ನ, ಅಮ್ಮ ಅಜ್ಜಿಯ ತಟ್ಟೆಗೆ ಮುದ್ದೆ ಹಾಕಿ ಬಸ್ಸಾರು ಬಡಿಸಲು ಹೋದಳು. ಅಜ್ಜಿ ತಟ್ಟೆಯ ಮೇಲೆ ಕೈ ಅಡ್ಡ ಇಟ್ಟಳು.

"ನಂಗೆ ಬೇಡ ಕಣವ್ವ. ಎರಡು ಬಾಳೆಹಣ್ಣು ಕೊಡು, ಸಾಕು."

"ಯಾಕತ್ತೆಮ್ಮ, ಹುಷಾರಿಲ್ವಾ?"

"ಹುಷಾರಾಗೇ ಇದೀನಿ. ಬೇಡ ಅನ್ನುಸ್ತು, ಬೇಡ."

ರಾತ್ರಿಯೂ ಹಣ್ಣು, ಹಾಲು. ಮರುದಿನ ತಾನೇ ಒಲೆಯ ಮುಂದೆ ನಿಂತು ರಾಗಿರೊಟ್ಟಿ ತಟ್ಟಿಕೊಂಡು ಬೆಲ್ಲ ಹಚ್ಚಿಕೊಂಡು ತಿಂದಳು. ಇನ್ನೊಂದು ದಿನ ಅವಲಕ್ಕಿ ನೆನೆಸಿಕೊಂಡಳು. ಅಮ್ಮ ಮಾಡಿದ್ದನ್ನು ಮುಟ್ಟುತ್ತಿಲ್ಲ. ತಾನೇ ಬಿಸಿಲಿಗಿಟ್ಟು ಹಾಕಿದ ನಿಂಬೆಕಾಯಿ ಉಪ್ಪಿನಕಾಯಿ ಜಾಡಿಯ ಕಡೆ ತಿರುಗಿಯೂ ನೋಡುತ್ತಿಲ್ಲ. ಮಜ್ಜಿಗೆ ಕೊಟ್ಟರೆ, "ಉಪ್ಪು ಹಾಕಿದೀಯಾ?" ಎಂದು ಕೇಳಿ ಲೋಟ ವಾಪಸ್ ಕೊಟ್ಟಳು. ಆ ಲೋಟ ಹಿಡಿದುಕೊಂಡು ಅಮ್ಮ ಸೀದಾ ಗ್ಯಾರೇಜಿಗೆ ಬಂದಳು. ಅಪ್ಪನಿನ್ನೂ ಒದ್ದೆ ಮೈಯಲ್ಲಿದ್ದರು.

"ರೀ, ನಿಮ್ಮಮ್ಮ ಉಪ್ಪು ಬಿಟ್ಟಿದಾರೆ ಕಣ್ರೀ. ಗೊತ್ತಾಗೋಯ್ತು. ಈ ಮನೆ ಉಪ್ಪು ಬೇಡ ಅಂತ ಬಿಟ್ಟಿದಾರೆ."

ಅಪ್ಪ ಟವೆಲನ್ನು ಹಾಗೇ ಮುಖಕ್ಕೆ ಒತ್ತಿಕೊಂಡು ನಿಂತರು. ಉಪ್ಪು ತಿಂದ ಮನೆಗೆ ಎರಡು ಬಗೆಯಬಾರದು ಎಂದು ಬೆಳೆದ ನಮಗೆ ಇದನ್ನು ಬಿಡಿಸಿ ಹೇಳಬೇಕಿರಲಿಲ್ಲ. ಬೈದಿದ್ದರೆ, ಅತ್ತಿದ್ದರೆ ಒಂದು. ಒಂದು ಮಾತೂ ಆಡದೆ ಉಪ್ಪು ತ್ಯಜಿಸುವುದೆಂದರೆ ಅದಕ್ಕಿಂತ ದೊಡ್ಡ ಪೆಟ್ಟು ಇನ್ನಿಲ್ಲ. ಇನ್ನು ಉಳಿದಿದ್ದು, ಹೇಳಿದವರು ಯಾರು ಎಂಬ ಪ್ರಶ್ನೆ. ಅಮ್ಮನ ಕಣ್ಣು ಮೊದಲು ಬಿದ್ದದ್ದು ನನ್ನ ಮೇಲೆ.

"ಹಿಸ್ಟರಿ ಅಂತೆ ಹಿಸ್ಟರಿ! ಊರಲ್ಲಿ ಇನ್ನೇನೂ ಸಿಗ್ಲಿಲ್ವಾ ನಿಂಗೆ? ಆ ರೂಮಲ್ಲಿ ಕೂತು ಜೂಮಲ್ಲಿ ಹಂದಿ ಹಂದಿ ಅಂತ ಓದಿರ್ತೀಯ."

"ಇಂಗ್ಲಿಷಲ್ಲಿ ಓದಿದ್ದು ಅಮ್ಮ! ಅಜ್ಜಿಗೆ ಹೇಗೆ ಅರ್ಥ ಆಗತ್ತೆ? ನೀನೇ ಫೋನಲ್ಲಿ ಯಾರ ಹತ್ರನೋ ಬಾಯಿ ಬಿಟ್ಟಿರ್ತೀಯ."

"ನಾನಾ? ನಾನು ಬಾಯಿ ಬಿಡೋ ಹಾಗಿದ್ರೆ ಇಷ್ಟು ವರ್ಷ ಈ ಡಬ್ಬಿ ತೊಳ್ಕೊಂಡು ಯಾಕೆ ಸಾಯ್ತಿದ್ದೆ?"

ಅಲ್ಲಿಂದ ಮುಂದೆ ನಮ್ಮ ಮನೆಯಲ್ಲಿ ಎಲ್ಲರ ಕಿವಿಗೂ ಬಿಲ್ಲೆ ಬಿತ್ತು. ಅಮ್ಮನಿಗೆ ನನ್ನ ಮೇಲೆ, ನನಗೆ ಗಿರಿಜತ್ತೆಯ ಮೇಲೆ. ಅಪ್ಪ ಯಾರ ಮೇಲೂ ಬಾಯಿ ಬಿಟ್ಟು ಹೇಳಲಿಲ್ಲ, ಆದರೆ ಕೆಲಸದಿಂದ ಬಂದವರು ನಮ್ಮಿಬ್ಬರ ಮುಖವನ್ನೂ ಒಂದೊಂದಾಗಿ ನೋಡುತ್ತಿದ್ದರು. ಅಜ್ಜಿ ಏನು ಮಾಡಿದರೂ ಅದಕ್ಕೊಂದು ಅರ್ಥ ಹುಟ್ಟುತ್ತಿತ್ತು. ತನ್ನ ಲೋಟ ತಾನೇ ತೊಳೆದಿಟ್ಟಳು, ನೋಡಿದೆಯಾ. ಪೂಜೆಗೆ ಕೂತಾಗ ನನ್ನನ್ನು ಹೊರಗೆ ಕಳಿಸಿ ಬಾಗಿಲು ಹಾಕಿಕೊಂಡಳು, ನೋಡಿದೆಯಾ. ಸಂಜೆ ಅಪ್ಪ ಬರುವ ಹೊತ್ತಿಗೆ ಕಿಟಕಿಯ ಹತ್ತಿರ ನಿಂತು ಅವರು ಕಾರಿನಿಂದ ಇಳಿದು ಗ್ಯಾರೇಜಿಗೆ ಬರುವವರೆಗೂ ಕಣ್ಣು ಕೀಳದೆ ನೋಡುತ್ತಾಳೆ, ಪತ್ತೇದಾರಿ ನಡೆದಿದೆ. ವಿಡಿಯೋ ಕಾಲ್‌ನಲ್ಲಿ ಅತ್ತೆ "ಯಾಕಮ್ಮ ಇಳಿದು ಹೋಗಿದೀಯ?" ಅಂದಾಗ ಅಜ್ಜಿ "ಏನಿಲ್ಲ ಬಿಡು, ಆಮೇಲೆ ಹೇಳ್ತೀನಿ" ಎಂದದ್ದನ್ನು ನಾನು ಬಾಗಿಲ ಸಂದಿಯಿಂದ ಕೇಳಿಸಿಕೊಂಡು ಬಂದು ಅಮ್ಮನಿಗೆ ವರದಿ ಒಪ್ಪಿಸಿದೆ. ಅವತ್ತು ನಾವಿಬ್ಬರೂ ರಾಜಿಯಾದೆವು: ಎಲ್ಲಿಂದಲೋ ಪತ್ತೆಮಾಡಿ ಅಜ್ಜಿಯ ಕಿವಿಗೆ ಹಾಕಿದ ಅಪರಾಧಿ ಗಿರಿಜತ್ತೆಯೇ. ಎಷ್ಟು ನಿರಾಳವಾಯಿತೆಂದರೆ ಅಮ್ಮ ನನಗೆ ತಲೆ ಬಾಚಿದಳು.

ಆದರೆ ಅಜ್ಜಿ ಸೊರಗುತ್ತಿದ್ದಳು. ಎದ್ದರೆ ಗೋಡೆ ಹಿಡಿಯುತ್ತಿದ್ದಳು. ಒಂದು ಭಾನುವಾರ ಬೆಳಿಗ್ಗೆ ರೂಮಿನಿಂದ ಊಟದ ಮೇಜಿನವರೆಗೆ ಬರುವಷ್ಟರಲ್ಲಿ ಎರಡು ಕಡೆ ನಿಂತಳು. ಅಪ್ಪ ಅದನ್ನು ನೋಡಿದರು. ಆ ನೋಟ ನನಗೆ ಗೊತ್ತಿತ್ತು. ಕಾಫಿ ಲೋಟ ಪಕ್ಕಕ್ಕಿಟ್ಟು, ಅವಳ ಮುಂದೆ ನೆಲದ ಮೇಲೆ ಕೂತರು. ಅಮ್ಮ ಅಡುಗೆಮನೆಯ ಬಾಗಿಲಲ್ಲಿ ಬಂದು ನಿಂತಳು.

"ಅಮ್ಮಾ, ನೀನು ಉಪ್ಪು ಬಿಟ್ಟಿರೋದು ಯಾಕೆ ಅಂತ ನಂಗೊತ್ತು."

ಅಜ್ಜಿ ಬೆಚ್ಚಿಬಿದ್ದಳು. "ಯಾರು ಹೇಳಿದ್ರು ನಿಂಗೆ? ನಾನು ಯಾರಿಗೂ ಹೇಳಿಲ್ಲ."

"ಯಾರೂ ಹೇಳ್ಬೇಕಾಗಿಲ್ಲ. ತಪ್ಪು ನಂದೇ. ಬಂದ ದಿನವೇ ನಿಂಗೆ ನಿಜ ಹೇಳ್ಬಿಡ್ಬೇಕಿತ್ತು. ಹಂದಿ ಕೆಲ್ಸ ಅಂದ್ರೆ ನೀನು ನನ್ನ ಮನೇಲಿ ಉಣ್ಣಲ್ಲ ಅಂತ ಹೆದರಿ ಮುಚ್ಚಿಟ್ಟೆ. ಬೈಯಮ್ಮ, ಹೊಡಿ ಬೇಕಾದ್ರೆ. ಹಿಂಗೆ ಉಪ್ಪು ಬಿಟ್ಟು ಸಾಯ್ಬೇಡ."

ಅಜ್ಜಿ ಮಗನ ಮುಖವನ್ನೇ ನೋಡಿದಳು.

"ಯಾವ ಹಂದಿ?" ಎಂದಳು.

ಅಮ್ಮ "ಅಯ್ಯೋ ಶಿವನೇ" ಎಂದು ಬಾಗಿಲ ಚೌಕಟ್ಟು ಹಿಡಿದುಕೊಂಡಳು. ಅಜ್ಜಿಗೆ ಗೊತ್ತಿರಲಿಲ್ಲ. ಬೂಟು ನೋಡಿದ್ದಳು, ಹಾಲಿನ ಮಾತನ್ನು ನಂಬಿರಲಿಲ್ಲ, ಏನೋ ಇದೆ ಎಂದು ಅವಳಿಗೆ ಅನಿಸಿತ್ತು. ಆದರೆ ಇದಲ್ಲ. ಅಪ್ಪನಿಗೆ ಹಿಂದೆ ಸರಿಯಲು ಜಾಗವಿರಲಿಲ್ಲ. ಹೇಳಿದರು. ವರ್ನನ್ ಎಂದರೇನು, ಲಾರಿ ಎಲ್ಲಿಂದ ಬರುತ್ತದೆ, ತಾವು ನೋಡುವುದೇನು, ಎಲ್ಲವನ್ನೂ, ನನಗೆ ಗ್ಯಾರೇಜಿನಲ್ಲಿ ಹೇಳಿದ್ದಕ್ಕಿಂತ ಚೆನ್ನಾಗಿ. ಅಜ್ಜಿ ಎಲ್ಲ ಮುಗಿದ ಮೇಲೆ ಕೇಳಿದಳು.

"ನೀನು ಕೊಲ್ತೀಯಾ?"

"ಇಲ್ಲಮ್ಮ. ಕಾಯಿಲೆ ಇದ್ಯಾ ಅಂತ ನೋಡ್ತೀನಿ."

"ಕಾಯಿಲೆ ಇದ್ರೆ?"

"ಬೇರೆ ಇಡಿಸ್ತೀನಿ."

"ಇಲ್ದಿದ್ರೆ?"

"ಒಳಗೆ ಕಳಿಸ್ತೀನಿ."

"ಚೆನ್ನಾಗಿರೋದನ್ನ ಕಳಿಸ್ತೀಯ," ಎಂದಳು ಅಜ್ಜಿ. "ಊರಲ್ಲಿ ಕಾಯಿಲೆ ಬಿದ್ದಿದ್ದನ್ನ ಎಬ್ಬಿಸಿ ನಿಲ್ಲಿಸ್ತಿದ್ದೆ. ಇಲ್ಲಿ ನೆಟ್ಟಗಿರೋದನ್ನ ನೋಡಿ ಕಳಿಸ್ತೀಯ."

ಅಪ್ಪ ತಲೆ ತಗ್ಗಿಸಿದರು. ಅಮ್ಮ ಅಳುತ್ತಲೇ ಕೇಳಿದಳು, ಹಾಗಾದರೆ ಉಪ್ಪು ಬಿಟ್ಟದ್ದು ಯಾಕೆ ಎಂದು. ಅಜ್ಜಿಗೆ ಅದನ್ನು ಹೇಳಲು ಇಷ್ಟವಿರಲಿಲ್ಲ, ಹೇಳಿದರೆ ಹರಕೆಯ ಫಲ ಹೋಗುತ್ತದೆ. ಆದರೆ ಇನ್ನು ಮುಚ್ಚಿಡಲು ಏನು ಉಳಿದಿತ್ತು?

"ನಿನ್ ಗಂಡನ ಜೊತೆ ಕೆಲ್ಸ ಮಾಡೋರು ಕಾಯಿಲೆ ಬಂದು ಮಲಗಿದಾರೆ ಅಂತ ನೀನೇ ಫೋನಲ್ಲಿ ಹೇಳ್ತಿದ್ದೆಯಲ್ಲವ್ವ. ಎಲ್ಲರ ಮಕ್ಳೂ ಮನೇಲವ್ರೆ, ನನ್ ಮಗ ಒಬ್ಬ ಹೊರಗೆ ಹೋಗ್ತಾನೆ. ಈ ರೋಗ ತೀರೋವರ್ಗೂ ಅವನು ನೆಟ್ಟಗೆ ಮನೆಗೆ ಬರ್ಲಿ, ನಾನು ಉಪ್ಪು ಮುಟ್ಟಲ್ಲ ಅಂತ ಮನೆದೇವ್ರು ಸಿದ್ಧಲಿಂಗಪ್ಪಂಗೆ ಹೇಳ್ಕಂಡಿದ್ದೆ. ಕಿಟಕೀಲಿ ನಿಂತು ಕಾಯ್ತಿದ್ದೆ, ಬಂದ್ನಾ ಅಂತ."

ನಾವು ಮೂವರೂ, ಬುದ್ಧಿವಂತರು, ವಾರಗಟ್ಟಲೆ ಕಾವಲು ಕಾದು, ಸಾಕ್ಷಿ ಕೂಡಿಸಿ, ತೀರ್ಪು ಕೊಟ್ಟು, ಕಡೆಗೆ ನಮ್ಮ ಕೈಯಾರೆ ಆ ಗುಟ್ಟನ್ನು ತಟ್ಟೆಯಲ್ಲಿಟ್ಟು ಅವಳ ಮುಂದೆ ಹಿಡಿದಿದ್ದೆವು. ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಇಷ್ಟೆಲ್ಲ ಪ್ರೀತಿ ಇರುವವಳು ಇದನ್ನು ನುಂಗಿಕೊಂಡುಬಿಡುತ್ತಾಳೆ, ಅಪ್ಪನ ತಲೆ ಸವರುತ್ತಾಳೆ ಎಂದು ಕಾದೆ. ಅವಳು ಎದ್ದು ರೂಮಿಗೆ ಹೋಗಿ ತನ್ನ ಚೀಲ ತೆಗೆದಳು. ಬೇರೆ ಒಲೆ ಹೂಡಿಕೊಡುತ್ತೇನೆ, ಬೇರೆ ಪಾತ್ರೆ ತರಿಸುತ್ತೇನೆ ಎಂದು ಅಮ್ಮ ಗೋಗರೆದಳು.

"ನಿನ್ ಮೇಲೆ ಕೋಪ ಇಲ್ಲ ಕಣವ್ವ. ಇಲ್ಲಿ ಲಿಂಗ ಹಿಡ್ಕಂಡು ಕೂತ್ರೆ ಇನ್ಮೇಲೆ ಕಣ್ಮುಂದೆ ಅವೇ ಬರ್ತವೆ. ನನ್ ಕೈಲಿ ಇಲ್ಲಿ ಉಣ್ಣಕ್ಕಾಗಲ್ಲ."

ಗಿರಿಜತ್ತೆಯ ಗಂಡ ಬಂದು ಅವಳನ್ನು ಮೀರಾ ಮೆಸಾಗೆ ಕರೆದುಕೊಂಡು ಹೋದರು. ಅಪ್ಪ ಅವಳಿಗೆ ಸೀಟ್ ಬೆಲ್ಟ್ ಹಾಕಿದರು, ಕಾರಿನ ಬಾಗಿಲು ಹಾಕಿದರು. ಆ ದಿನ ನನಗೆ ಅಜ್ಜಿಯ ಮೇಲೆ ಬಂದ ಸಿಟ್ಟು ಹೇಳತೀರದು. ಅವಳು ಬಿಟ್ಟುಹೋದ ಮೂಲೆಯಲ್ಲಿ ವಿಭೂತಿಯ ಪುಡಿ ಚೆಲ್ಲಿತ್ತು, ಅದನ್ನು ಗುಡಿಸದೆ ಹಾಗೇ ಬಿಟ್ಟೆ. ಅಪ್ಪ ಮರುದಿನ ಎಂದಿನಂತೆ ಡ್ಯೂಟಿಗೆ ಹೋದರು.

ಸ್ವಲ್ಪ ದಿನಕ್ಕೆ ಅತ್ತೆಯ ಫೋನು. ನಾವು ಸ್ಪೀಕರಿಗೆ ಹಾಕಿದೆವು. ಈಗ ಎಲ್ಲ ಗೊತ್ತಾಗಿದೆ, ಮಂಗಳಾರತಿ ಶುರು ಎಂದುಕೊಂಡೆವು.

"ಅಣ್ಣಾ, ಏನು ಮಾಡಿ ಕಳಿಸಿದೀರ ಅಮ್ಮಂಗೆ? ಇಲ್ಲೂ ಉಪ್ಪು ಮುಟ್ತಿಲ್ಲ. ಕೇಳಿದ್ರೆ ನನ್ನಿಷ್ಟ ಅಂತಾಳೆ. ನಿಮ್ಮನೇಲಿ ಏನಾಯ್ತು ಅಂತ ಯಾರೂ ನನಗೆ ಹೇಳಲ್ಲ. ನಾನು ಯಾರು ಹೇಳಿ!"

ಅಜ್ಜಿ ಅವಳಿಗೆ ಏನೂ ಹೇಳಿರಲಿಲ್ಲ. ಹರಕೆಯನ್ನೂ ಬಿಟ್ಟಿರಲಿಲ್ಲ. ಅಪ್ಪ ಅಜ್ಜಿಯ ಕೈಗೆ ಫೋನ್ ಕೊಡಿಸಿ ಬೇಡಿಕೊಂಡರು.

"ಉಪ್ಪು ತಿನ್ನಮ್ಮ. ನನ್ನ ಕೆಲ್ಸ ಗೊತ್ತಾದ್ಮೇಲೂ ಯಾಕೆ ಇದೆಲ್ಲ?"

"ಕೆಲ್ಸ ನಂಗೆ ಹಿಡಿಸಲ್ಲ, ಅದು ಬೇರೆ," ಎಂದಳು ಅಜ್ಜಿ. "ಮಾಸ್ಕ್ ಸರಿಯಾಗಿ ಹಾಕ್ಕಂತೀಯೋ ಇಲ್ವೋ?"

ಅಪ್ಪ ಎರಡನೇ ಲಸಿಕೆ ಹಾಕಿಸಿಕೊಂಡರು ಎಂದು ತಿಳಿದ ದಿನ ಅವಳು ಮೀರಾ ಮೆಸಾದಲ್ಲಿ ಉಪ್ಪಿನಕಾಯಿ ನೆಕ್ಕಿದಳಂತೆ. ಆಮೇಲೆ ತುಮಕೂರಿಗೆ, ದೊಡ್ಡಪ್ಪನ ಮನೆಗೆ ವಾಪಸ್ ಹೋದಳು. ಏರ್‌ಪೋರ್ಟಿಗೆ ಹೋಗುವ ದಾರಿ ಬಿಟ್ಟು ನಮ್ಮ ಮನೆಗೆ ಬಂದಳು, ಸೋಫಾದ ಮೇಲೆ ಕೂತಳು, ನನ್ನ ಗಲ್ಲ ಹಿಂಡಿದಳು, ಅಮ್ಮನಿಗೆ ಕುಂಕುಮ ಇಟ್ಟಳು. ನೀರು ಕೊಟ್ಟರೆ ಬೇಡ ಎಂದಳು. ಬಾಟಲಿ ತಂದಿದ್ದಳು.

ಅಪ್ಪ ಹೇಳಿದ ಹಾಗೇ ಆಯಿತು. ಆ ಕೊನೆಯ ಕಾರ್ಖಾನೆಯೂ ಬಾಗಿಲು ಹಾಕುತ್ತದೆಂದು ಸುದ್ದಿ ಬಂತು, ಮರುವರ್ಷ ಹಾಕಿಯೂ ಬಿಟ್ಟಿತು. ಇಲ್ಲಿ ಖರ್ಚು ಹೆಚ್ಚು, ಹಂದಿ ಸಾಕುವ ಕಡೆಯೇ ಕೆಲಸ ಅಗ್ಗ ಎಂಬ ಅದೇ ಹಳೆಯ ಕಾರಣ. ಕೊನೆಯ ದಿನಗಳಲ್ಲಿ ಕೊಟ್ಟಿಗೆಗಳು ಖಾಲಿ, ತೊಳೆದ ನೆಲ ಒಣಗಿ ಬಿಳಿಚಿಕೊಂಡಿತ್ತಂತೆ. ನನಗೆ ಸಂತೋಷವಾಗಬೇಕಿತ್ತು. ಯಾಕೋ ಅಪ್ಪನ ಮುಖ ನೋಡಿ ಆಗಲಿಲ್ಲ. ಆ ವಾರ ಅವರು ತುಮಕೂರಿಗೆ ಫೋನ್ ಮಾಡಿದರು.

"ಮುಚ್ಚಿದ್ರಮ್ಮ. ಈ ಊರಲ್ಲಿ ಇನ್ನು ಹಂದಿ ಕೆಲ್ಸ ಇಲ್ಲ."

"ಅಲ್ಲಿದ್ದ ಜನ?"

"ಒಬ್ಬೊಬ್ರು ಒಂದೊಂದು ಕಡೆ ಹೋದ್ರು. ಕೆಲವ್ರಿಗೆ ಇನ್ನೂ ಸಿಕ್ಕಿಲ್ಲ."

"ನಿಂಗೆ?"

ಅಮ್ಮ ಎದುರಿನಿಂದ ಕೈ ಆಡಿಸಿ ಸನ್ನೆ ಮಾಡಿದಳು, ಆಫೀಸು, ಆಫೀಸು ಅನ್ನಿ ಎಂದು. ಅಪ್ಪ ಅವಳನ್ನು ನೋಡಿದರು, ನೋಡಿ ಆಗಲ್ಲ ಎಂದು ತಲೆಯಾಡಿಸಿದರು.

"ಕೋಳಿ ಫ್ಯಾಕ್ಟರಿಗೆ ಹಾಕಿದಾರೆ. ಅದೇ ಕೆಲ್ಸ ಅಮ್ಮ."

ಲೈನ್ ಕಟ್ಟಾಯಿತೇನೋ ಎಂದು ನಾನು ಫೋನಿನ ಪರದೆ ನೋಡಿದೆ. ಇತ್ತು.

"ಹಂಗಾದ್ರೆ ನಾನು ಅಲ್ಲಿಗೆ ಬರಲ್ಲ ಬಿಡು," ಎಂದಳು ಅಜ್ಜಿ. ಅಪ್ಪ ಸರಿ ಎಂದರು. ಇಡುತ್ತೇನೆ ಎನ್ನುವಷ್ಟರಲ್ಲಿ ಅವಳ ದನಿ ಏರಿತು.

"ನೀನು ಯಾಕೋ ಬರಲ್ಲ? ನಾನು ನಿನ್ ಮನೇಲಿ ಉಣ್ಣಲ್ಲ ಅಂದೆ. ನೀನು ನನ್ ಮನೇಲಿ ಉಣ್ಬೇಡ ಅಂತ ಯಾವತ್ತು ಅಂದೆ?"

ಅಪ್ಪ ಹೂಂ ಎಂದರು. ಫೋನನ್ನು ನನ್ನ ಕೈಗೆ ಕೊಟ್ಟರು. ಆಮೇಲೆ ರಜೆ ಯಾವಾಗ ಸಿಗುತ್ತದೆ ಎಂದು ಅಮ್ಮನನ್ನು ಕೇಳಿದರು, ಅವರ ರಜೆ ಅಮ್ಮನಿಗೆ ಗೊತ್ತಿರುವ ಹಾಗೆ.